ಹರಾಜಿನಲ್ಲಿ ಬಂದ ರ‍್ಯಾಮ್

ದಾಂಡೇಲಿಯ ನನ್ನ ತಂಗಿಯ ಮನೆಯಲ್ಲಿ ಕೂರುವ ಕುರ್ಚಿಯಿಂದ ತಿರುಗುವ ಫ್ಯಾನಿನವರೆಗೆ ಎಲ್ಲವೂ ಹರಾಜಿನ ಮಾಲು. ಅವಳ ಮಾವ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಯಾವ ಕಚೇರಿಯ, ಯಾವ ಗೋದಾಮಿನ ಹಳೆಯ ಸಾಮಾನು ಹರಾಜಿಗೆ ಬಂದರೂ ಮುಂದಿನ ಸಾಲಿನಲ್ಲಿ ನಿಂತಿರುತ್ತಾರೆ. ಆ ಊರಿನಲ್ಲಿ ಅವರ ಓರಗೆಯವರಿಗೆಲ್ಲ ಈ ಚಾಳಿಯಿದೆ. ಅಂಗಡಿಯ ಹೊಸದಕ್ಕಿಂತ ಕಂಪನಿ ಬಳಸಿ ಬಿಟ್ಟದ್ದೇ ಗಟ್ಟಿ ಎಂಬ ನಂಬಿಕೆ. ಕಬ್ಬಿಣದ ಕಪಾಟಿನ ಮಟ್ಟಿಗೆ ಅದು ನಿಜವಿರಬಹುದು. ಕಪಾಟಿನ ಬಾಗಿಲು ತೆರೆದರೆ ಸಾಕು, ಅದು ಇನ್ನಾವುದರ ಜೊತೆಗೂ ಹೊಂದಿಕೊಳ್ಳಬೇಕಾಗಿಲ್ಲ.

ತಂಗಿ ಕಸೂತಿ ಯಂತ್ರಗಳಿಗೆ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿಕೊಡುತ್ತಾಳೆ. ಧಾರವಾಡದ ಒಂದು ಅಂಗಡಿಯವರು ಮೊದಲ ಸಲ ಅವಳಿಗೆ ಮದುಮಗಳ ಕುಪ್ಪಸದ ಕೆಲಸ ಕೊಟ್ಟಿದ್ದರು. ಬೆನ್ನಿಗೂ ಎರಡು ತೋಳಿಗೂ ಗೋಪುರದ ಕಸೂತಿ. ಮರುದಿನ ಸಂಜೆಯೊಳಗೆ ಕಳಿಸಿದರೆ ಮುಂದೆ ಅಂಗಡಿಯ ಕೆಲಸವೆಲ್ಲ ಇವಳಿಗೆ. ಇಲ್ಲವಾದರೆ ಹುಬ್ಬಳ್ಳಿಯ ಇನ್ನೊಬ್ಬರಿಗೆ. ಆದರೆ ಅಷ್ಟು ದೊಡ್ಡ ಫೈಲು ತೆರೆದ ಕೂಡಲೇ ಅವಳ ಕಂಪ್ಯೂಟರು ಕಲ್ಲಾಗುತ್ತಿತ್ತು. ತೆರೆದ ಫೈಲನ್ನು ಹಿಡಿದಿಡಲು ಅದರಲ್ಲಿದ್ದದ್ದು ನಾಲ್ಕೇ ಜಿಬಿ ರ‍್ಯಾಮ್.

ನಾನಿರುವುದು ಮುಂಡಗೋಡದಲ್ಲಿ. ಅದೇ ದಿನ ಅವಳ ಫೋನು ಬಂತು.

"ಅಣ್ಣಾ, ಹೊಸಾದು ತರೂದು ಬ್ಯಾಡ ಅಂತ ಮಾಮಾ ತಮ್ಮ ಕಡೆ ಇದ್ದ ಎರಡು ರ‍್ಯಾಮ್ ಕೊಟ್ಟಾರ. ಹಾಕಿದ್ರ ಕಂಪ್ಯೂಟರ್ ಬರೀ ಕುಂಯ್ ಕುಂಯ್ ಅನ್ನಾಕತ್ತೈತಿ. ಪರದೆ ಪೂರಾ ಕಪ್ಪ."

ಫೋಟೋ ಕಳಿಸಲು ಹೇಳಿದೆ. ನೋಡಿದ ಕೂಡಲೇ ಗೊತ್ತಾಯಿತು, ಅವು ಯಾವುದೋ ಕಚೇರಿಯ ಸರ್ವರಿನಿಂದ ಕಿತ್ತವು. ಮನೆಯ ಕಂಪ್ಯೂಟರಿನ ಪಟ್ಟಿಯಷ್ಟೇ ಉದ್ದ, ಅಂಚಿನ ಲೋಹದ ಹಲ್ಲುಗಳ ನಡುವಿನ ಕಚ್ಚೂ ಅದೇ ಕಡೆ, ಹಾಗಾಗಿ ಬೋರ್ಡಿನ ಖಾಚಿನಲ್ಲಿ ಸಲೀಸಾಗಿ ಕೂರುತ್ತವೆ. ಆದರೆ ನಡುವೆ ಒಂದು ಹೆಚ್ಚಿನ ಚಿಪ್ ಇದೆ. ಮನೆಯ ಕಂಪ್ಯೂಟರಿನ ಬೋರ್ಡಿಗೆ ಅದರೊಂದಿಗೆ ವ್ಯವಹರಿಸಲು ಬರುವುದಿಲ್ಲ. ಆಗ ನಾನು ಫೋನಿನಲ್ಲೇ ನಕ್ಕೆ ಎಂದು ನನ್ನ ನೆನಪು. ನಗಲಿಲ್ಲ, ಬೈದೆ ಎನ್ನುತ್ತಾಳೆ ತಂಗಿ. ನನ್ನ ನೆನಪು ನನ್ನನ್ನು ಸ್ವಲ್ಪ ಸೌಮ್ಯನನ್ನಾಗಿ ತೋರಿಸುವುದರಿಂದಲೇ ಅದನ್ನು ನಂಬುವುದು ಕಷ್ಟ. ತಾತ್ಸಾರವಂತೂ ಎರಡರಲ್ಲೂ ಇದೆ.

ಮರುದಿನ ಬೆಳಿಗ್ಗೆ ಹೊರಟವನು ಹಳಿಯಾಳದಲ್ಲಿ ಇಳಿದು ಕಂಪ್ಯೂಟರ್ ಅಂಗಡಿಗೆ ಹೋದೆ. ಯಾವ ಬೋರ್ಡು, ಯಾವ ಬಗೆ ಎಂದು ಕೇಳದೆ ಅಂಗಡಿಯಾತ ಒಂದು ರ‍್ಯಾಮ್ ಮುಂದೆ ಇಟ್ಟ. ಅದು ಹಿಂದಿನ ತಲೆಮಾರಿನದು, ಡಿಡಿಆರ್ ತ್ರೀ. ನಮಗೆ ಬೇಕಾದದ್ದು ಫೋರ್.

"ಎಲ್ಲಾ ಒಂದರೀ. ಸ್ವಲ್ಪ ಜೋರ್ ಮಾಡಿ ಒತ್ರಿ, ಕುಂದರತೈತಿ."

ತಂಗಿಯ ಹಳೆಯ ರ‍್ಯಾಮಿನ ಲೇಬಲ್ಲಿನ ಫೋಟೋ ತೋರಿಸಿ ಅದೇ ಬಗೆ, ಅದೇ ವೇಗದ್ದು ಬೇಕೆಂದೆ.

"ಇಷ್ಟೆಲ್ಲಾ ಓದಿ ತಗೊಳ್ಳೋರು ನಮ್ಮ ಕಡೆ ಯಾರೂ ಇಲ್ಲ ಬಿಡ್ರಿ ಸರ್," ಎಂದ, ಊರಿಗೆ ಬಿರುದು ಬಂದಂತೆ. ಸರಿಯಾದ ಎಂಟು ಜಿಬಿಯದು ಅವನ ಮೇಜಿನ ಖಾನೆಯಲ್ಲೇ ಇತ್ತು.

ನಾನು ದಾಂಡೇಲಿ ಮುಟ್ಟಿದಾಗ ಮಧ್ಯಾಹ್ನದ ಊಟ ಮುಗಿದಿತ್ತು. ಮಾವ ನೆಲದ ಮೇಲೆ ಕೂತು ಶಾಲೆಯ ಮಕ್ಕಳ ರಬ್ಬರಿನಿಂದ ತಮ್ಮ ರ‍್ಯಾಮಿನ ಹಳದಿ ಹಲ್ಲುಗಳನ್ನು ತಿಕ್ಕುತ್ತಿದ್ದರು.

"ಬರ್ರಿ, ಮುಂಡಗೋಡ ಸಾಹೇಬ್ರ. ಕಂಪನಿ ಮಾಲಿಗೆ ಹೆಸರಿಟ್ಟೀರಂತ?"

"ಮಾಲು ಚಲೋನ ಐತ್ರಿ. ಈ ಕಂಪ್ಯೂಟರಿಗೆ ಆಗಂಗಿಲ್ಲ ಅಷ್ಟ."

"ಖಾಚಿನಾಗ ಬರೋಬ್ಬರಿ ಕುಂತೈತಿ. ಕುಂತ ಮ್ಯಾಲೆ ನಡೀಲಿಕ್ಕೇನು ಧಾಡಿ?"

"ನಿಮ್ಮ ಚಪ್ಪಲ್ಯಾಗ ನನ್ನ ಕಾಲೂ ಕುಂದರತೈತ್ರಿ. ಹಂಗಂತ ನಿಮ್ಮ ಪೆನ್ಶನ್ ನನಗ ಬರತೈತೇನ್ರಿ?"

ಅವರು ನಗಲಿಲ್ಲ. "ಎಂ.ಎ. ಮಾಡಿದವ್ರು ಮಾತಿಗೇನು ಕಡಿಮಿ ಇಲ್ಲ. ಸೊಸಿ ಕಂಪ್ಯೂಟರ ದುಬ್ಬಳ ಐತಿ, ಇದರ ತಾಕತ್ತು ತಡಕೊಳ್ಳಂಗಿಲ್ಲ. ಬೋರ್ಡ ಬದಲಿ ಮಾಡ್ಸು ಅಂದೇನಿ."

ರ‍್ಯಾಮಿಗಾಗಿ ಬೋರ್ಡನ್ನೇ ಬದಲಿಸುವ ಮನುಷ್ಯ ಚಿಲಕ ಸಿಕ್ಕಿತೆಂದು ಮನೆಗೆ ಹೊಸ ಬಾಗಿಲನ್ನೂ ಇಡಿಸಿಯಾನು. ಇದನ್ನು ಬಾಯಿಬಿಟ್ಟು ಹೇಳಿದೆನೋ ಮನಸ್ಸಿನಲ್ಲೇ ಅಂದುಕೊಂಡೆನೋ ಈಗ ಖಾತ್ರಿಯಿಲ್ಲ. ಅವರು ಆಗಲೇ ಹೊಸ ಪ್ರಯೋಗಕ್ಕೆ ತಯಾರಾಗಿದ್ದರು: ಒಂದು ಖಾಚಿನಲ್ಲಿ ಹಳೆಯ ನಾಲ್ಕು ಜಿಬಿ, ಇನ್ನೊಂದರಲ್ಲಿ ತಮ್ಮದು.

"ಒಂದಕ್ಕೊಂದು ಜೋಡಿ ಸಿಕ್ರ ಹೊಂದಿಕೋತಾವ. ಇದೊಂದ ಸಲ ನೋಡೂಣು."

ಅಷ್ಟು ಹೊತ್ತು ಗೋಡೆಗೆ ಆತು ನಿಂತಿದ್ದ ತಂಗಿ ಮುಂದೆ ಬಂದಳು.

"ಮಾಮಾ, ಆ ಕಡೆ ಸರೀರಿ. ಸಂಜಿಗೆ ಕಳಸ್ಬೇಕು. ಇನ್ನೂ ಒಂದ ತೋಳೂ ಮುಗಿದಿಲ್ಲ."

ಸೊಸೆ ಮಾವನಿಗೆ 'ಸರೀರಿ' ಎಂದದ್ದನ್ನು ಆ ಮನೆಯ ಗೋಡೆಗಳು ಮೊದಲ ಸಲ ಕೇಳಿರಬೇಕು. ಅವರು ರಬ್ಬರು ಹಿಡಿದುಕೊಂಡೇ ಸರಿದರು. ಅವಳು ಸ್ವಿಚ್ ಆರಿಸಿ, ನಾನು ತಂದದ್ದನ್ನು ಹಳೆಯದರ ಪಕ್ಕದಲ್ಲಿ ಕೂರಿಸಿ, ಎರಡೂ ತುದಿಯ ಕ್ಲಿಪ್ಪು ಟಕ್ಕೆನ್ನುವವರೆಗೆ ಒತ್ತಿದಳು. ಪರದೆ ಬೆಳಗಿತು. ಫೈಲು ತೆರೆಯಿತು. ಕೆಂಪು ದಾರದ ಗೋಪುರಗಳು ಸಾಲಾಗಿ ಮೂಡಿದವು.

ಮಾವ ಹಿಂದಿನಿಂದ ಬಗ್ಗಿ ನೋಡಿ, "ಬಣ್ಣ ಮಂಕ ಅದಾವ. ನಮ್ದು ನಡೆದಿದ್ರ ಇನ್ನಾ ಥಳಾಥಳಾ ಕಾಣ್ತಿತ್ತು," ಎಂದರು.

ಬಣ್ಣಕ್ಕೂ ರ‍್ಯಾಮಿಗೂ ಯಾವ ಸಂಬಂಧವೂ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ತಂಗಿ ತಿರುಗಲೂ ಇಲ್ಲ. ಆ ಮನುಷ್ಯ ಸೋತೆ ಎನ್ನುವುದನ್ನು ಕೇಳಲು ಆ ಕೋಣೆಯಲ್ಲಿ ಕಾದು ನಿಂತಿದ್ದವನು ನಾನೊಬ್ಬನೇ. ಅವಳು ಆಗಲೇ ಮೊದಲ ತೋಳಿನ ಕೆಲಸ ಹಿಡಿದಿದ್ದಳು.