ಸ್ಟೇರಿಂಗ್ ಎಣ್ಣೆ ಡಬ್ಬಿಯ ಮುಚ್ಚಳ

ಆ ದಿನ ತೋಟದಲ್ಲಿ ನಾನೇ ಟ್ರ್ಯಾಕ್ಟರ್ ಓಡಿಸುತ್ತಿದ್ದೆ. ನನ್ನ ಗಂಡ ತೆಂಗಿನ ಮರವೊಂದರ ಬುಡದಲ್ಲಿ ನಿಂತು ಕೈ ಬೀಸುತ್ತಿದ್ದರು.

"ಬಲಕ್ಕೆ ತಗೋ, ಬಲಕ್ಕೆ! ಮರ ಪಕ್ಕಕ್ಕೆ ಸರೀತದೆ ಅಂತ ಕಾಯ್ತಾ ಇದೀಯಾ?"

"ರೀ, ಮೊದ್ಲು ನೀವು ಸರೀರಿ. ಮರ ಆಮೇಲೆ ನೋಡ್ಕೋತೀನಿ."

ನಮ್ಮೂರು ಗುಬ್ಬಿಯ ಹತ್ತಿರ. ಆಗ ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತಷ್ಟೇ. ಟ್ರ್ಯಾಕ್ಟರ್ ಚಿಕ್ಕದು, ಹಳೆಯದು, ನಾವು ಕೊಂಡಾಗಲೇ ಸೆಕೆಂಡ್ ಹ್ಯಾಂಡ್. ಆದರೆ ಅದಕ್ಕೆ ಪವರ್ ಸ್ಟೇರಿಂಗ್ ಇತ್ತು. ಎಂಜಿನ್ ಪಕ್ಕದ ಡಬ್ಬಿಯಿಂದ ಎಣ್ಣೆ ಎಳೆದು ಪಂಪು ಒತ್ತುತ್ತದೆ, ಆ ಒತ್ತಡಕ್ಕೇ ಮುಂದಿನ ಚಕ್ರ ತಿರುಗುತ್ತದೆ. ಹಾಗಾಗಿ ನನ್ನಂಥ ಸಣಕಲು ಹೆಂಗಸೂ ಓಡಿಸಬಹುದಿತ್ತು. ಆ ದಿನ ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು ಉಂಡು ಮಲಗಿದೆವು. ಬೆಳಿಗ್ಗೆ ಅವರು ತುಮಕೂರಿಗೆ ಹೋದರು. ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕೂತರಂತೆ. ಮತ್ತೆ ಏಳಲಿಲ್ಲ.

ಕೆಲವು ತಿಂಗಳು ಗಾಡಿಯನ್ನು ಯಾರೂ ಮುಟ್ಟಲಿಲ್ಲ. ನಮ್ಮತ್ತೆ ಮಾತ್ರ ಸೂತಕ ಕಳೆದ ಮೇಲೆ ಪ್ರತಿ ಸೋಮವಾರ ಅದಕ್ಕೆ ಪೂಜೆ ಮಾಡುತ್ತಿದ್ದರು. ಮಗನ ಗಾಡಿ ಅಂತ ಅವರಿಗೆ ಅದರ ಮೇಲೆ ಜೀವ. ಮಳೆ ಬಿದ್ದಾಗ ನಾನು ಹತ್ತಿ ಕೂತೆ. ಮೊದಲ ಸಾಲು ಚೆನ್ನಾಗಿಯೇ ಹೋಯಿತು. ಆಮೇಲೆ ಪಂಪು ನಾಯಿಮರಿಯ ಹಾಗೆ ಕುಂಯ್‌ಗುಟ್ಟಿತು. ಸ್ಟೇರಿಂಗ್ ಬಿಗಿಯಾಯಿತು. ಎರಡೂ ಕೈ ಹಾಕಿ ಜಗ್ಗಿದರೂ ಬಲಕ್ಕೆ ಬರಲೊಲ್ಲದು.

ಉಪ್ಪಾರಹಳ್ಳಿಯಲ್ಲಿದ್ದ ನನ್ನ ಮೈದುನ ಬಂದು ನೋಡಿ, "ಅತ್ತಿಗೆ, ಇದನ್ನ ಕೊಟ್ಬಿಡೋಣ. ಕುಣಿಗಲ್ ಕಡೆಯೋರು ಒಬ್ರು ಕೇಳ್ತಾ ಇದಾರೆ, ಭಾನುವಾರ ಬರ್ತಾರೆ" ಅಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಓಡಿಸಲಾಗದ ಗಾಡಿ ಇಟ್ಟುಕೊಂಡು ಏನು ಮಾಡುವುದು? ಆದರೆ ನನಗೆ ಅದನ್ನು ಕೊಡಲು ಮನಸ್ಸಿರಲಿಲ್ಲ. ಭಾನುವಾರದೊಳಗೆ ಸರಿಯಾದರೆ ಕೊಡುವುದಿಲ್ಲ ಅಂದೆ. ಅವನು ಒಪ್ಪಿದ.

ಗುಬ್ಬಿಯ ಮೆಕ್ಯಾನಿಕ್ ನನ್ನ ಗಂಡನ ಸ್ನೇಹಿತರು, ನಾನು ಭಾಯಿ ಅನ್ನುತ್ತಿದ್ದೆ. ಅವರು ಬಂದು ಟೈರಿನ ಗಾಳಿ ನೋಡಿದರು. ಮುಂಭಾಗವನ್ನು ಜಾಕಿ ಕೊಟ್ಟು ಎತ್ತಿ ಚಕ್ರಗಳನ್ನು ಆಡಿಸಿದರು, ಎಲ್ಲೂ ಹಿಡಿದಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ನೋಡಿದರು, ಎಣ್ಣೆ ತುಂಬಾ ಇತ್ತು. ಮುಚ್ಚಳ ಹಾಕಿ ಗಾಡಿ ಹತ್ತಿದರೆ ಸ್ಟೇರಿಂಗ್ ಒಂದೇ ಬೆರಳಿಗೆ ತಿರುಗಿತು.

"ಏನಕ್ಕಾ, ಚೆನ್ನಾಗೈತಲ್ಲ?"

ಅವರ ಬೈಕು ಊರಾಚೆ ಹೋಗಿ ಸ್ವಲ್ಪ ಹೊತ್ತಿಗೆ ಮತ್ತೆ ಕುಂಯ್. ಮರುದಿನವೂ ಬಂದರು, ಮುಚ್ಚಳ ತೆಗೆದರು, ಹಾಕಿದರು, ಗಾಡಿ ಸರಿಹೋಯಿತು. ಅವರು ಹೋದರು, ಮತ್ತೆ ಕೆಟ್ಟಿತು.

ಅತ್ತೆ ಜಗಲಿಯಿಂದಲೇ ಹೇಳಿದರು. "ಡಾಕ್ಟ್ರ ಮುಖ ಕಂಡೇಟ್ಗೆ ಜ್ವರ ಬುಡೋ ಮಗೀನಂಗೆ ಆಡ್ತದೆ ಕಣಪ್ಪ. ನೀನು ಇಲ್ಲೇ ಇದ್ಬುಡು."

"ನಂಗೇನಜ್ಜಿ, ಮುದ್ದೆ ಹಾಕಿದ್ರೆ ಇದ್ಬಿಡ್ತೀನಿ. ಮನೇಲಿ ಹೆಂಡ್ತಿಗೆ ನೀವೇ ಹೇಳ್ಬೇಕು." ಆದರೆ ನನ್ನ ಕಡೆ ತಿರುಗಿ, ಪಂಪು ಹೋಗಿರಬಹುದು, ಈ ಹಳೇ ಮಾಡೆಲ್‌ಗೆ ಈಗ ಪಂಪು ಸಿಗೋದು ಕಷ್ಟ ಎಂದರು. 

ಶನಿವಾರ ಅವರು ಮತ್ತೆ ಬಂದು ಡಬ್ಬಿಗೆ ಕೈ ಹಾಕುವಾಗ ನಾನು ತಡೆದೆ. "ಭಾಯಿ, ನೀವು ಬಂದಾಗೆಲ್ಲ ಬಿಚ್ಚೋದು ಮುಚ್ಚಳ ಒಂದೇ. ಇವತ್ತು ಅದನ್ನ ಮುಟ್ಬೇಡಿ. ಹಾಗೇ ಓಡ್ಸಿ ನೋಡಿ."

ಅಂಗಳದಲ್ಲಿ ಸುತ್ತು ಹಾಕಿದರು. ಬಿಗಿಯಾಯಿತು. ಬಾನೆಟ್ ಎತ್ತಿ ನೋಡಿದರೆ ಡಬ್ಬಿಯಿಂದ ಪಂಪಿಗೆ ಹೋಗುವ ರಬ್ಬರ್ ಪೈಪು ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗಿತ್ತು. ಮುಚ್ಚಳ ಸಡಿಲಿಸಿದ ಕೂಡಲೇ ಸುಸ್ಸೆಂದು ಗಾಳಿ ಒಳಗೆ ಹೋಯಿತು, ಪೈಪು ಉಬ್ಬಿತು.

"ಯಾ ಅಲ್ಲಾ! ಮುಚ್ಚಳದಲ್ಲಿ ಗಾಳಿ ಹೋಗೋ ತೂತು ಮುಚ್ಚೈತಕ್ಕಾ! ಒಳಕ್ಕೆ ಗಾಳಿ ಬರ್ದೆ ಪಂಪು ಎಣ್ಣೆ ಹೆಂಗೆ ಎಳೀತದೆ!"

ಮುಚ್ಚಳದ ಮೇಲೆ ಸಿಮೆಂಟಿನಂತೆ ಗಟ್ಟಿಯಾದ ಬಿಳಿ ಪದರ. ಉಗುರಿನಲ್ಲಿ ಕೆರೆದು ಮೂಸಿದೆ. ವಿಭೂತಿ. ಗಂಡ ಇದ್ದಾಗ ಪೂಜೆಯೆಂದರೆ ಬಾನೆಟ್ಟಿಗೆ ಒಂದು ಗೆರೆ, ಒಂದು ಹೂವು, ಅಷ್ಟೇ. ಅತ್ತೆ ಬಾನೆಟ್ ಎತ್ತಿ ಒಳಗೂ ಪೂಜೆ ಮಾಡಿದ್ದರು. ವಿಭೂತಿಯನ್ನು ನೀರಿನಲ್ಲಿ ಕಲಸಿ, ವಾರ ವಾರ, ಒಂದರ ಮೇಲೊಂದು.

"ಅತ್ತೆ, ಆ ಡಬ್ಬಿ ಮುಚ್ಚಳಕ್ಯಾಕೆ ಬಳಿದ್ರಿ?"

"ಬಳೀದೆ? ದುಂಡಗೆ, ಕರ್ರಗೆ, ಒಳ್ಳೆ ಲಿಂಗ ಇದ್ದಂಗೈತೆ. ಬರೀ ಹಣೇಲಿ ಬುಡಕ್ಕಾಯ್ತದಾ?"

ಭಾಯಿ ನಕ್ಕು ನಕ್ಕು ಮಡ್‌ಗಾರ್ಡ್ ಹಿಡಿದುಕೊಂಡರು. "ಅಜ್ಜಿ, ನೀವು ದೇವ್ರಿಗೇ ಉಸಿರು ಕಟ್ಸಿದೀರಲ್ಲ!" ಅತ್ತೆ ಮುಖ ಊದಿಸಿಕೊಂಡರು. ಆದರೆ ತೂತು ಬಿಡಿಸಲು ತಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನು ಅವರೇ ಬಿಚ್ಚಿ ಕೊಟ್ಟರು. ಸೀಮೆಎಣ್ಣೆಯಲ್ಲಿ ಮುಚ್ಚಳ ತೊಳೆದು ಹಾಕಿದೆವು. ಸಂಜೆಯವರೆಗೆ ಓಡಿಸಿದೆ. ಕುಂಯ್ ಅನ್ನಲಿಲ್ಲ.

ಭಾನುವಾರ ಕುಣಿಗಲ್ ಕಡೆಯವರು ಬಂದಾಗ ನಾನು ತೋಟದಲ್ಲಿ ಉಳುತ್ತಿದ್ದೆ. ಮೈದುನ ಬೇಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿದ. "ಕೊಡಲ್ಲ ಸ್ವಾಮಿ, ನಮ್ಮತ್ತಿಗೆಗೆ ಬೇಕಂತೆ. ಬನ್ನಿ, ಕಾಫಿ ಕುಡ್ಕೊಂಡು ಹೋಗೋರಂತೆ" ಎಂದು ಅವರನ್ನು ಮನೆಯ ಕಡೆ ಕರೆದುಕೊಂಡು ಹೋದ.

ಗಾಡಿ ಉಳಿಯಿತು. ಈ ಕತೆಯನ್ನು ನಾನು ಊರಿಗೆಲ್ಲ ಹೇಳಿದ್ದೇನೆ, ಬೆಳ್ಳಾವಿಯ ನೆಂಟರಿಗೂ ಹೇಳಿ ನಗಿಸಿದ್ದೇನೆ. ನನ್ನ ಗಂಡನಿಗೆ ಹೇಳಲು ಆಗಿಲ್ಲ.