ಎಡಕ್ಕೆ ಹೊಸೆದ ತಂತಿ

ದೆವ್ವ, ಗಾಳಿ, ಪವಾಡ ಅಂತ ಯಾರಾದರೂ ಶುರುಮಾಡಿದರೆ ಎದ್ದು ಹೋಗುವ ಆಸಾಮಿ ನಾನು. ಪಿರಿಯಾಪಟ್ಟಣದಲ್ಲಿ ಇಪ್ಪತ್ತು ವರ್ಷದಿಂದ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಇಂಜಿನ್ ನಿಂತರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಕ್ಕೇ ಸಿಗುತ್ತದೆ. ಹೀಗೆ ನಂಬಿಕೊಂಡಿದ್ದವನಿಗೆ ಕೆಲವು ವರ್ಷಗಳ ಹಿಂದೆ ಆದದ್ದನ್ನು ಆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಬೆಟ್ಟದಪುರದ ಕಡೆಯ ಗೌಡರೊಬ್ಬರ ಬಳಿ ಅವರ ತಂದೆಯ ಕಾಲದ, ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರಿದೆ. ಹೆಂಡತಿಯನ್ನು ಅದರಲ್ಲಿ ಕೂರಿಸಿಕೊಂಡು ಮಡಿಕೇರಿ ಘಾಟಿ ಹತ್ತಬೇಕೆಂಬ ಆಸೆ ಅವರಿಗೆ. ಅದಕ್ಕೆಂದೇ ಇಂಜಿನ್ ಬಿಚ್ಚಿ ರಿಪೇರಿ ಮಾಡಿದ್ದೆ. ಕೊನೆಗೆ ಉಳಿದದ್ದು ಆಯಿಲ್ ಪಂಪು. ಅದನ್ನು ಹಿಡಿದಿಡುವ ಮೂರು ಬೋಲ್ಟುಗಳ ತಲೆಯಲ್ಲಿ ತೂತಿರುತ್ತದೆ. ಬಿಗಿದ ಮೇಲೆ ಆ ತೂತುಗಳಿಗೆ ತಂತಿ ಪೋಣಿಸಿ, ಹೊಸೆದು ಕಟ್ಟಬೇಕು. ಕಟ್ಟದಿದ್ದರೆ ಅದುರಿ ಅದುರಿ ಬೋಲ್ಟು ಸಡಿಲವಾಗುತ್ತದೆ, ಆಯಿಲ್ ನಿಲ್ಲುತ್ತದೆ, ಓಡುವ ಗಾಡಿಯಲ್ಲೇ ಇಂಜಿನ್ ಹಿಡಿದುಕೊಂಡು ಚಕ್ರ ನಿಂತುಬಿಡುತ್ತದೆ. ಘಾಟಿಯ ತಿರುವಿನಲ್ಲಿ ಹಾಗಾದರೆ ದೇವರೇ ಗತಿ.

ಅಂದು ಗುರುವಾರ. ಒಂದೂವರೆಗೆ ರಾಹುಕಾಲ, ಅಷ್ಟರೊಳಗೆ ಇಂಜಿನ್ ಮುಚ್ಚಿಬಿಡಿ ಎಂದು ಗೌಡರು ಎರಡು ಸಲ ಫೋನ್ ಮಾಡಿದ್ದರು. ಅವಸರ ಅವಸರವಾಗಿ ಬೋಲ್ಟು ಬಿಗಿದು, ಪಂಪು ಕೂರುವ ತಳದ ಆಯಿಲ್ ಚೇಂಬರ್ ಮುಚ್ಚಿದೆ. ರಾಹುಕಾಲ ಕಳೆದ ಮೇಲೆ, ಮೂರೂಕಾಲಿಗೆ, ಗಂಡಹೆಂಡಿರು ಹೊರಟರು. ಮುಖ ತೊಳೆಯಲು ಬಗ್ಗಿದೆ ನೋಡಿ, ಜೇಬಿನಿಂದ ತಂತಿ ಬಿತ್ತು. ಪಂಪಿಗೆಂದು ಅಳತೆಗೆ ಕತ್ತರಿಸಿಟ್ಟುಕೊಂಡಿದ್ದ ತಂತಿ! ಕಟ್ಟುವುದನ್ನೇ ಮರೆತಿದ್ದೆ.

ಫೋನ್ ಸಿಗಲಿಲ್ಲ. ಬೈಕ್ ಹತ್ತಿ ಬೆನ್ನಟ್ಟಿದೆ. ಪುಣ್ಯಕ್ಕೆ ಕೊಪ್ಪದಲ್ಲಿ ಟೀ ಕುಡಿಯಲು ನಿಂತಿದ್ದರು. ತಪ್ಪೊಪ್ಪಿಕೊಂಡೆ. ಗೌಡರು ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಕಾರನ್ನು ಪಿಕಪ್ಪಿಗೆ ಕಟ್ಟಿ ಎಳೆದು ತಂದು, ಇಬ್ಬರ ಎದುರಿಗೇ ಚೇಂಬರ್ ಬಿಚ್ಚಿದೆ.

ಮೂರು ಬೋಲ್ಟಿಗೂ ತಂತಿ ಕಟ್ಟಿತ್ತು. ಹೊಸ ತಂತಿ, ಹೆಣೆದ ಜಡೆಯಷ್ಟು ಅಚ್ಚುಕಟ್ಟು. ನನ್ನ ತಂತಿ ನನ್ನ ಕೈಯಲ್ಲೇ ಇತ್ತು. ಬೆಳಗಿನಿಂದ ಗ್ಯಾರೇಜಿನಲ್ಲಿ ನಾನೊಬ್ಬನೇ, ಊಟವನ್ನೂ ಅಲ್ಲೇ ಮಾಡಿದ್ದೆ.

"ನೀವೇ ಕಟ್ಟಿ ಮರ್ತಿದ್ದೀರಿ ಬುಡಿ," ಅಂದರು ಗೌಡರು.

ಹಾಗೇ ಅಂದುಕೊಳ್ಳಲು ನೋಡಿದೆ. ಆದರೆ ನಾನು ಹೊಸೆಯುವುದು ಬಲಕ್ಕೆ, ಇದು ಎಡಕ್ಕೆ ಹೊಸೆದಿತ್ತು. ಆಮೇಲೆ ಎಷ್ಟೋ ಸಲ ಎಡಕ್ಕೆ ಹೊಸೆದು ನೋಡಿದ್ದೇನೆ, ಸೊಟ್ಟಪಟ್ಟ ಬರುತ್ತದೆಯೇ ಹೊರತು ಆ ಅಂದ ಬಂದಿಲ್ಲ. ಅಂದು ಕತ್ತರಿಸಿ ಬೇರೆ ಕಟ್ಟೋಣವೆಂದು ಇಕ್ಕಳ ಎತ್ತಿಕೊಂಡೆ. ಗೌಡರ ಹೆಂಡತಿ ತಡೆದರು.

"ಬ್ಯಾಡ ಕಣಪ್ಪ. ಯಾರ್ ಕಟ್ಟವ್ರೋ, ನಮ್ಮುನ್ನ ಕಾಯಕ್ಕೇ ಕಟ್ಟವ್ರೆ. ಅಂಗೇ ಇರ್ಲಿ."

ಎಳೆದು, ಜಗ್ಗಿ ನೋಡಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ. ಹಾಗೇ ಮುಚ್ಚಿದೆ. ಮಾರನೆಯ ದಿನ ಅವರು ಘಾಟಿ ಹತ್ತಿ, ಸುಖವಾಗಿ ಇಳಿದೂ ಬಂದರು. ಆ ಕಾರು ಈಗಲೂ ಓಡುತ್ತಿದೆ. ನನ್ನ ಕೈಗುಣವೆಂದು ಗೌಡರು ಕಂಡಕಂಡವರಿಗೆಲ್ಲ ಹೊಗಳುತ್ತಾರೆ. ನಾನು ಹೂಂ ಅಂದಿಲ್ಲ. ಊಹೂಂ ಅನ್ನುವ ಧೈರ್ಯವೂ ಇದುವರೆಗೆ ಬಂದಿಲ್ಲ.