ಹೊಳೆಯದೋ, ಕಣ್ಣಿನದೋ

ನಿವೃತ್ತಿಗೆ ಹತ್ತಿರವಾಗಿದ್ದ ಆ ವರ್ಷ ನಾನು ಬಳ್ಳಾರಿಯ ಕಂಟೋನ್ಮೆಂಟಿನ ಒಂದು ಸಣ್ಣ ಕಣ್ಣಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕಿಯಾಗಿದ್ದೆ. ಕುರುಗೋಡಿನಿಂದ ಹಂಪಮ್ಮ ಎಂಬ ನಿವೃತ್ತ ಚಿತ್ರಕಲಾ ಶಿಕ್ಷಕಿ ಬಂದರು. ಎಡಗಣ್ಣು ಬಾಲ್ಯದಲ್ಲೇ ಹೋಗಿತ್ತು. ಬಲಗಣ್ಣಿನಲ್ಲಿ ಪೊರೆ ಬಲಿತಿತ್ತು. ಇರುವುದೊಂದೇ ಕಣ್ಣೆಂದು ಮನೆಯವರು ಆಪರೇಷನ್ನಿಗೆ ಒಪ್ಪಿರಲಿಲ್ಲ.

ಹಂಪಮ್ಮನವರ ಚಿಂತೆ ಬೇರೆಯೇ ಇತ್ತು. ಚೀಲದಿಂದ ಎರಡು ಜಲವರ್ಣ ಚಿತ್ರಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಎರಡೂ ಕೆಂಚನಗುಡ್ಡದ ಬಳಿಯ ತುಂಗಭದ್ರೆ. ಸಿರುಗುಪ್ಪದಲ್ಲಿ ನೌಕರಿಯಲ್ಲಿದ್ದಾಗ ಬರೆದದ್ದರಲ್ಲಿ ನೀರು ತಿಳಿನೀಲಿ. ಈಚಿನದರಲ್ಲಿ ಗಿಳಿಹಸಿರು.

"ಡಾಕ್ಟ್ರೇ, ಈ ಹಸಿರು ಹೊಳಿದೋ, ನನ್ನ ಕಣ್ಣಿಂದೋ?" ಎಂದು ಕೇಳಿದರು.

"ಅಲ್ಲಿ ಊರವರನ್ನ ಕೇಳಲಿಲ್ಲೇನ್ರಿ?"

"ಕೇಳಿದೆ. ಒಬ್ಬ ಹಸಿರು ಅಂತಾನ, ಒಬ್ಬ ನೀರಿಗ್ಯಾವ ಬಣ್ಣ ಅಂತಾನ. ಬರಿಯಾಕಿ ನಾನು. ನಾನ ನೋಡಬೇಕು."

ಪೊರೆ ಹಳದಿಗಟ್ಟಿದರೆ ಹಳದಿ ಗಾಜಿನ ಮೂಲಕ ನೋಡಿದಂತಾಗಿ ನೀಲಿ ಮಂಕಾಗಿ ಹಸಿರಿನಂತೆ ಕಾಣುತ್ತದೆ. ಕಣ್ಣಿನದೇ ಇರಬಹುದು, ಪೊರೆ ತೆಗೆಯದೆ ಹೇಳಲಾಗದು ಎಂದೆ. ಸೋಂಕಾದರೆ ಇರುವ ದೃಷ್ಟಿಯೂ ಹೋಗಬಹುದೆಂಬುದನ್ನು ಮುಚ್ಚಿಡಲಿಲ್ಲ. ಅವರು ಹಸಿರು ನೀರಿನ ಚಿತ್ರವನ್ನು ನನ್ನತ್ತ ಸರಿಸಿದರು.

"ಮಾಡ್ರಿ. ಮನಿಯವರಿಗೆ ನಾ ಹೇಳ್ತೀನಿ. ಖರೇ ಬಣ್ಣ ಯಾವ್ದಂತ ತಿಳೀದ ಹ್ಯಾಂಗ ಬರೀಲಿ?"

ಪೊರೆ ಕಲ್ಲಿನಂತೆ ಗಟ್ಟಿಯಾಗಿತ್ತು. ಅಷ್ಟು ವರ್ಷಗಳ ಅನುಭವವಿದ್ದೂ ಅಂದು ಉಸಿರು ಬಿಗಿಹಿಡಿದೇ ಅದನ್ನು ಹೊರತೆಗೆದೆ. ಅದರ ಜಾಗದಲ್ಲಿ ಇಂಟ್ರಾಆಕ್ಯುಲರ್ ಲೆನ್ಸ್, ಅಂದರೆ ಕೃತಕ ಮಸೂರ, ಕೂರಿಸಿದೆ. ಮರುದಿನ ಪಟ್ಟಿ ಬಿಚ್ಚಿದಾಗ ಹಂಪಮ್ಮ ಎದುರಿನ ಗೋಡೆ ನೋಡಿ, "ಅಯ್ಯ, ಎಷ್ಟು ಬೆಳ್ಳಗೈತಿ!" ಎಂದು ನಕ್ಕುಬಿಟ್ಟರು. ನಾನೂ ನಕ್ಕೆ.

ಕಣ್ಣಿನ ಗಾಯ ಪೂರ್ತಿ ಮಾಗಿದ ಮೇಲೆ ಅವರ ಜೊತೆ ಕೆಂಚನಗುಡ್ಡಕ್ಕೆ ಹೋದೆ. ನೀರಿನ ಮೇಲೆ ದಡದುದ್ದಕ್ಕೂ ಪಾಚಿ, ಸೊಪ್ಪು ಅರೆದು ಹರಡಿದಂತೆ ದಟ್ಟ ಹಸಿರು. ಅವರು ಬೊಗಸೆಯಲ್ಲಿ ನೀರೆತ್ತಿ ಬಿಸಿಲಿಗೆ ಹಿಡಿದು ನೋಡಿದರು. ತಾವು ಬರೆದದ್ದು ಸರಿಯಾಗಿತ್ತೆಂದು ಸಂತೋಷಪಡುವರೇನೋ ಎಂದುಕೊಂಡಿದ್ದೆ.

"ಕಣ್ಣಿಂದ ತಪ್ಪಾಗಿದ್ರ ಚೊಲೋ ಇತ್ರಿ ಡಾಕ್ಟ್ರೇ," ಎಂದರು. "ಅದನ್ನ ನೀವು ತಗದು ಒಗದಿರಿ. ಇದನ್ನ ಯಾರು ತಗೀಬೇಕು?"

ಸೆರಗಿನಿಂದ ಕೈಯೊರೆಸಿಕೊಂಡು ಅವರು ಬಂಡೆಯ ಮೇಲೆ ಕುಳಿತು ಬಣ್ಣದ ಪೆಟ್ಟಿಗೆ ತೆರೆದರು. ಈಚಿನ ಚಿತ್ರದಲ್ಲಿ ಕಂದುಬಣ್ಣದಲ್ಲಿದ್ದ ಬಂಡೆಗಳಿಗೆ ಈಗ ಅವುಗಳ ಬೂದುಬಣ್ಣ ಸಿಕ್ಕಿತು. ಆಕಾಶಕ್ಕೆ ನೀಲಿ ಬಂತು. ನೀರಿಗೆ ಮಾತ್ರ ಮೊದಲಿಗಿಂತ ಕಡುವಾದ ಹಸಿರು. ಒಂದು ಎಳೆಯನ್ನೂ ಅವರು ಚಂದಗಾಣಿಸಲಿಲ್ಲ. ಅಂಥ ಕುಂಚವನ್ನು ನಾನು ಮತ್ತೆ ಕಂಡಿಲ್ಲ.

ಅಲ್ಲಿಯವರೆಗೆ, ರೋಗಿ ಅಕ್ಷರಫಲಕದ ಕೊನೆಯ ಸಾಲು ಓದಿದರೆ ನನ್ನ ಕೆಲಸ ಮುಗಿಯಿತೆಂದುಕೊಳ್ಳುತ್ತಿದ್ದೆ. ಆಮೇಲೆ ನಿವೃತ್ತಿಯವರೆಗೂ ಆಪರೇಷನ್ನಿಗೆ ಮುಂಚೆ ಪ್ರತಿಯೊಬ್ಬರನ್ನೂ ಕೇಳುತ್ತಿದ್ದೆ: "ಕಣ್ಣು ಬಂದಮ್ಯಾಲೆ ಏನು ನೋಡಬೇಕಂತ ಮಾಡೀರಿ?" ಉತ್ತರ ಕೇಳಿದ ಮೇಲೆ ಕೈ ಇನ್ನಷ್ಟು ಎಚ್ಚರವಾಗುತ್ತಿತ್ತು.